ವಿಡಿಯೊ ಆಟಗಳಲ್ಲಿ ಹೊಸತನ

(ಬಾನುಲಿ ಭಾಷಣ)

ಯಾವ ಕಲೆಗೇ ಆಗಲಿ, ಎರಡು ತಲೆಮಾರುಗಳಷ್ಟು ವಯಸ್ಸು ತುಂಬಿತೆಂದರೆ ಅದರ ಅಂಗಳದಲ್ಲಿ ಒಂದು ವ್ಯಾಜ್ಯ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ರಂಗಭೂಮಿಯಲ್ಲಿ ಅದು ಹುಟ್ಟಿತು, ಸಂಗೀತದಲ್ಲಿ ಹುಟ್ಟಿತು, ಚಲನಚಿತ್ರದಲ್ಲಿಯೂ ಹುಟ್ಟಿತು. ಈಗ ವಿಡಿಯೊ ಆಟಗಳ ಸರದಿ. ನಮ್ಮ ಕಾಲದ ಆಟಗಳಲ್ಲಿದ್ದ ಕಲ್ಪನಾಶಕ್ತಿ ಇಂದಿನವುಗಳಲ್ಲಿ ಎಲ್ಲಿದೆ, ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ ಎಂದು ನಲವತ್ತೈದು ದಾಟಿದವರು ಹೇಳುತ್ತಾರೆ. ನಾಲ್ಕು ಚೌಕಗಳು ಕಪ್ಪು ಪರದೆಯ ಮೇಲೆ ಅತ್ತಿಂದಿತ್ತ ಓಡಾಡಿದರೆ ಅದರಲ್ಲಿ ಕಲ್ಪನೆಯ ಮಾತೇನು ಬಂತು ಎಂದು ಅವರ ಮಕ್ಕಳು ಕೇಳುತ್ತಾರೆ. ಇಂದಿನ ವಿಡಿಯೊ ಆಟಗಳಲ್ಲಿ ಹಿಂದಿನವುಗಳಿಗಿಂತ ಹೆಚ್ಚಿನ ಹೊಸತನವಿದೆಯೇ ಎಂಬ ಪ್ರಶ್ನೆ ಹೀಗೆ ಮನೆಮನೆಯ ಪ್ರಶ್ನೆಯಾಗಿದೆ.

ಹಳತು ಹೊಸತುಗಳ ಮಾತು ಬಂದಾಗ ನಮಗೆ ಕೂಡಲೇ ನೆನಪಾಗುವವನು ಕಾಳಿದಾಸ. ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ, ಕೃತಿಯೊಂದರ ಗುಣವನ್ನು ಅದರ ವಯಸ್ಸಿನಿಂದ ಅಳೆಯಬಾರದೆಂಬ ವಾದವನ್ನು ಅವನು ಸೂತ್ರಧಾರನ ಬಾಯಿಂದ ಆಡಿಸಿದ್ದಾನೆ. ಆ ಮಾತನ್ನು ನಾವೆಲ್ಲ ನ್ಯಾಯಾಧೀಶನ ತೀರ್ಪೆಂಬಂತೆ ಎತ್ತಿ ಹೇಳುತ್ತೇವೆ. ಅಲ್ಲಿ ಕಾಳಿದಾಸನೇ ಕಕ್ಷಿಗಾರನೆಂಬುದನ್ನು ಮಾತ್ರ ಮರೆಯುತ್ತೇವೆ. ಭಾಸನಂಥ ಹೆಸರಾಂತ ಹಿರಿಯರ ಕೃತಿಗಳಿರುವಾಗ ಈ ಹೊಸಬನ ನಾಟಕವೇಕೆ ಎಂಬ ಆಕ್ಷೇಪಕ್ಕೆ ಕೊಟ್ಟ ಉತ್ತರ ಅದು. ನಮ್ಮ ಇಂದಿನ ವ್ಯಾಜ್ಯದಲ್ಲಿಯೂ ಪ್ರತಿಯೊಬ್ಬನೂ ಕಕ್ಷಿಗಾರನೇ. ತನಗೆ ಹನ್ನೆರಡು ವರ್ಷವಾಗಿದ್ದಾಗ ಕೈಗೆ ಸಿಕ್ಕಿದ ಆಟದಷ್ಟು ಅಪೂರ್ವವಾದದ್ದು ಮತ್ತೊಂದಿಲ್ಲವೆಂದು ಎಲ್ಲರೂ ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಆಗ ಹೊಸದಾಗಿದ್ದುದು ಆಟವೋ ಆಡುತ್ತಿದ್ದ ಹುಡುಗನೋ ಎಂಬುದು ಬೇರೆಯ ಮಾತು.

ಆದುದರಿಂದ ಸಾಕ್ಷಿಗಳನ್ನು ಕರೆಯುವುದಕ್ಕೆ ಮುಂಚೆ ಅಳತೆಗೋಲೊಂದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಚದುರಂಗವನ್ನು ನೆನೆಯೋಣ. ಭಾರತದಲ್ಲಿ ಹುಟ್ಟಿ, ಪರ್ಷಿಯಾ ಮತ್ತು ಅರಬ್ ನಾಡುಗಳನ್ನು ಹಾದು ಯೂರೋಪನ್ನು ಸೇರಿದ ಈ ಆಟದಲ್ಲಿ ಮಂತ್ರಿಯು ಅನೇಕ ಶತಮಾನಗಳ ಕಾಲ ಮೂಲೆಗೆ ಒಂದೇ ಮನೆ ನಡೆಯಬಲ್ಲ ದುರ್ಬಲವಾದ ಕಾಯಿಯಾಗಿತ್ತು. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನವರು, ತಮ್ಮಲ್ಲಿ ಮಂತ್ರಿಯ ಸ್ಥಾನದಲ್ಲಿ ನಿಂತಿದ್ದ ರಾಣಿಗೆ ಎಂಟು ದಿಕ್ಕಿಗೂ ಎಷ್ಟು ದೂರವಾದರೂ ಸಾಗುವ ಅಧಿಕಾರವನ್ನು ಕೊಟ್ಟರು. ಮಣೆಯ ಮೇಲೆ ಒಂದು ಮನೆ ಹೆಚ್ಚಲಿಲ್ಲ, ಒಂದು ಕಾಯಿ ಹೆಚ್ಚಲಿಲ್ಲ, ಯಾವ ಬಡಗಿಗೂ ಹೊಸ ಕೆಲಸ ಬೀಳಲಿಲ್ಲ; ಆದರೆ ಆಟ ಬೇರೆಯೇ ಆಯಿತು. ನಿಧಾನವಾಗಿ ತೆವಳುತ್ತಿದ್ದ ಯುದ್ಧ ನಾಲ್ಕಾರು ನಡೆಗಳಲ್ಲಿಯೇ ಪ್ರಾಣಸಂಕಟಕ್ಕೆ ಬರತೊಡಗಿತು. ಅದೇ ಆಟವನ್ನು ಮಣ್ಣಿನ ಕಾಯಿಗಳ ಬದಲು ದಂತದ ಕಾಯಿಗಳಿಂದ ಆಡಿದರೆ ಕಣ್ಣಿಗೆ ಹಬ್ಬವಾಗಬಹುದು, ಆಟ ಹೊಸದಾಗುವುದಿಲ್ಲ. ಆಡುವವನು ಮಾಡಬಹುದಾದ ಕ್ರಿಯೆ ಬದಲಾದರೆ, ಅವನು ಆಲೋಚಿಸಬೇಕಾದ ಬಗೆ ಬದಲಾದರೆ ಅದು ಹೊಸತನ. ಬಣ್ಣ, ಹೊಳಪು, ವಿಸ್ತಾರಗಳು ಅಲಂಕಾರ. ಅಲಂಕಾರವನ್ನು ನಾನು ಹಳಿಯುತ್ತಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದೆಂದಷ್ಟೇ ನನ್ನ ಅರಿಕೆ.

ಈ ಅಳತೆಗೋಲನ್ನು ಹಿಡಿದು ಹಳೆಯ ಕಾಲಕ್ಕೆ ಹೋದರೆ, ಆರಂಭದ ದಿನಗಳಲ್ಲಿ ಹೊಸದಲ್ಲದ್ದು ಏನೂ ಇರಲಿಲ್ಲವೆಂಬುದು ಕಾಣುತ್ತದೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ಪ್ರಯೋಗಾಲಯವನ್ನು ನೋಡಲು ಬರುವ ಸಾರ್ವಜನಿಕರಿಗೆ ಬೇಸರವಾಗದಿರಲೆಂದು, ಆಸಿಲೋಸ್ಕೋಪಿನ ಪುಟ್ಟ ಗಾಜಿನ ಮೇಲೆ ಇಬ್ಬರು ಟೆನಿಸ್ ಆಡುವ ಏರ್ಪಾಡೊಂದನ್ನು ಮಾಡಿದರು. ಒಂದು ಅಡ್ಡಗೆರೆ ಅಂಗಳ, ಒಂದು ಚಿಕ್ಕ ಗೆರೆ ಬಲೆ, ಒಂದು ಬೆಳಕಿನ ಚುಕ್ಕೆ ಚೆಂಡು. 1962ರಲ್ಲಿ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು ಪಿ.ಡಿ.ಪಿ.-1 ಎಂಬ ಕಂಪ್ಯೂಟರಿನ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ನಡುವೆ ಒಂದು ನಕ್ಷತ್ರ, ಅದರ ಗುರುತ್ವಾಕರ್ಷಣೆಗೆ ಸಿಕ್ಕದಂತೆ ಸುತ್ತುತ್ತ ಒಂದನ್ನೊಂದು ಹೊಡೆಯಲು ಹವಣಿಸುವ ಎರಡು ನೌಕೆಗಳು. ಯಂತ್ರದ ಬೆಲೆ ಒಂದು ಲಕ್ಷ ಡಾಲರಿಗೂ ಮಿಗಿಲಾಗಿದ್ದುದರಿಂದ ಆ ಆಟವನ್ನು ಮಾರುವ ಯೋಚನೆಗೆ ಅರ್ಥವಿರಲಿಲ್ಲ. ಲಾಭದ ಆಸೆಯಿಲ್ಲದ ಕಾಲದ ಕೂಸುಗಳು ಅವು.

1972ರ ಹೊತ್ತಿಗೆ ವ್ಯಾಪಾರ ಆರಂಭವಾಗಿತ್ತು. ರಾಲ್ಫ್ ಬೇರ್ ಅವರು ರೂಪಿಸಿದ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಎಂಬ ಮನೆಯ ಯಂತ್ರ ಕೆಲವು ಚುಕ್ಕೆಗಳನ್ನೂ ಒಂದು ಗೆರೆಯನ್ನೂ ಬಿಟ್ಟರೆ ಮತ್ತೇನನ್ನೂ ಮೂಡಿಸಲಾರದು. ಅಂಗಳವೋ ಕಾಡೋ ಬೇಕೆಂದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟೆಲಿವಿಷನ್ನಿನ ಗಾಜಿಗೆ ಅಂಟಿಸಿಕೊಳ್ಳಬೇಕಾಗಿತ್ತು. ಅದೇ ವರ್ಷ ಅಟಾರಿ ಕಂಪನಿಗಾಗಿ ಅಲನ್ ಅಲ್ಕಾರ್ನ್ ನಿರ್ಮಿಸಿದ ‘ಪಾಂಗ್’ ಬಂತು. ಅದರಲ್ಲಿ ಒಂದು ಸಣ್ಣ ಊನವಿತ್ತು: ಮಂಡಲದ ದೋಷದಿಂದಾಗಿ ಬ್ಯಾಟು ಪರದೆಯ ತೀರಾ ಮೇಲ್ತುದಿಯನ್ನು ಮುಟ್ಟುತ್ತಿರಲಿಲ್ಲ. ಅಲ್ಕಾರ್ನ್ ಅದನ್ನು ಸರಿಪಡಿಸಲಿಲ್ಲ. ಎಷ್ಟೇ ಚತುರರಾದ ಆಟಗಾರರಿಗೂ ಸೋಲುವ ಒಂದು ಸಂದಿ ಇರಲಿ, ಇಲ್ಲವಾದರೆ ಆಟ ಮುಗಿಯುವುದೇ ಇಲ್ಲ ಎಂಬುದು ಅವರಿಗೆ ಹೊಳೆಯಿತು. ಆರು ವರ್ಷಗಳ ಅನಂತರ, 1978ರಲ್ಲಿ, ಜಪಾನಿನ ತೊಮೊಹಿರೊ ನಿಶಿಕಾದೊ ‘ಸ್ಪೇಸ್ ಇನ್ವೇಡರ್ಸ್’ ರಚಿಸಿದಾಗಲೂ ಇದೇ ಬಗೆಯ ಸಂಗತಿ ನಡೆಯಿತು. ಪರದೆಯ ತುಂಬ ಶತ್ರುಗಳಿದ್ದಾಗ ಅವರೆಲ್ಲರನ್ನೂ ಮೂಡಿಸಲು ಯಂತ್ರ ಏದುಸಿರು ಬಿಡುತ್ತಿತ್ತು. ಒಬ್ಬೊಬ್ಬರಾಗಿ ಸತ್ತಂತೆ ಅದರ ಹೊರೆ ಇಳಿದು ಉಳಿದವರು ವೇಗವಾಗಿ ಬರತೊಡಗುತ್ತಿದ್ದರು. ಗೆಲುವು ಹತ್ತಿರವಾದಂತೆಲ್ಲ ಎದೆಬಡಿತ ಹೆಚ್ಚಿಸುವ ಈ ಏರ್ಪಾಡನ್ನು ಯಂತ್ರದ ದೌರ್ಬಲ್ಯವೇ ಸೃಷ್ಟಿಸಿತು. ಅದನ್ನು ಅಳಿಸದೆ ಉಳಿಸಿಕೊಂಡದ್ದು ಮನುಷ್ಯನ ವಿವೇಕ.

ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಅಲೆಕ್ಸಿ ಪಜಿತ್ನೋವ್ 1984ರಲ್ಲಿ ರಚಿಸಿದ ‘ಟೆಟ್ರಿಸ್’ ಕುರಿತು ಇನ್ನಷ್ಟು ನಿಂತು ಹೇಳಬೇಕು. ಅವರ ಪಾಲಿಗೆ ಬಂದಿದ್ದ ಎಲೆಕ್ಟ್ರೋನಿಕಾ-60 ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ; ಅಕ್ಷರಗಳನ್ನಷ್ಟೇ ಅದು ಮೂಡಿಸಬಲ್ಲುದು. ಪಜಿತ್ನೋವ್ ಆವರಣ ಚಿಹ್ನೆಗಳನ್ನೇ ಜೋಡಿಸಿ ನಾಲ್ಕು ಚೌಕಗಳ ಏಳು ಆಕಾರಗಳನ್ನು ಮಾಡಿದರು. ಆಕಾರಗಳು ಮೇಲಿನಿಂದ ಬೀಳುತ್ತವೆ, ಕೆಳಗೆ ಸಂದಿಲ್ಲದಂತೆ ಹೊಂದಿಸಬೇಕು. ಆದರೆ ಹಾಗೆ ಹೊಂದಿಸುತ್ತ ಹೋದರೆ ಕ್ಷಣಮಾತ್ರದಲ್ಲಿ ಪರದೆ ತುಂಬಿಹೋಗಿ ಆಟ ಸತ್ತುಹೋಗುತ್ತಿತ್ತು. ತುಂಬಿದ ಸಾಲು ಮಾಯವಾಗಲಿ ಎಂಬ ನಿಯಮ ಅವರಿಗೆ ಆಗ ಹೊಳೆಯಿತು. ಇಡೀ ಟೆಟ್ರಿಸ್ ಇರುವುದು ಆ ಒಂದು ವಾಕ್ಯದಲ್ಲಿ. ನೀವು ಸರಿಯಾಗಿ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ತಪ್ಪಾಗಿ ಮಾಡಿದ್ದು ಮಾತ್ರ ಕಣ್ಣೆದುರು ರಾಶಿಯಾಗಿ ನಿಲ್ಲುತ್ತದೆ. ಗೃಹಕೃತ್ಯವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಇಂಗ್ಲೆಂಡಿನಲ್ಲಿ ಡೇವಿಡ್ ಬ್ರೇಬೆನ್, ಇಯಾನ್ ಬೆಲ್ ಎಂಬ ಇಬ್ಬರು ತರುಣರು ‘ಎಲೀಟ್’ ಎಂಬ ಆಟದಲ್ಲಿ ಎಂಟು ನಕ್ಷತ್ರಲೋಕಗಳನ್ನೂ ಒಂದೊಂದರಲ್ಲಿ 256ರಂತೆ ತಾರೆಗಳನ್ನೂ, ಎಂದರೆ ಒಟ್ಟು 2048 ಊರುಗಳನ್ನು, 32 ಕಿಲೋಬೈಟು ನೆನಪಿನ ಬಿ.ಬಿ.ಸಿ. ಮೈಕ್ರೊ ಯಂತ್ರದೊಳಗೆ ಅಡಗಿಸಿದರು. ಅಷ್ಟು ಊರುಗಳ ವಿವರವನ್ನು ಬರೆದಿಡಲು ಸ್ಥಳವೆಲ್ಲಿ? ಅವರು ಬರೆದಿಡಲಿಲ್ಲ, ಕೆಲವು ಬೀಜಸಂಖ್ಯೆಗಳಿಂದ, ಬೇಕಾದಾಗ ಬೇಕಾದ ಊರು ಹುಟ್ಟಿಬರುವಂತೆ ಗಣಿತವನ್ನು ಹೂಡಿದರು. ಮರುವರ್ಷದ ‘ಸೂಪರ್ ಮಾರಿಯೊ ಬ್ರದರ್ಸ್’ ಇಡೀ ಆಟ 40 ಕಿಲೋಬೈಟು. ಅದರ ಆಕಾಶದಲ್ಲಿರುವ ಮೋಡವೂ ನೆಲದ ಮೇಲಿರುವ ಪೊದೆಯೂ ಒಂದೇ ಚಿತ್ರ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಹಸಿರು. ಕೋಟ್ಯಂತರ ಮಕ್ಕಳು ಅದನ್ನು ಆಡಿದರು. ಹೆಚ್ಚಿನವರಿಗೆ ಈ ಗುಟ್ಟು ತಿಳಿಯಲೇ ಇಲ್ಲ.

ಇಷ್ಟನ್ನು ಕೇಳಿದವರು, ಹಾಗಾದರೆ ಯಂತ್ರದ ಬಡತನವೇ ಕಲ್ಪನೆಯನ್ನು ಹುಟ್ಟಿಸಿತು, ಇಂದಿನ ಸಿರಿವಂತಿಕೆಯೇ ಅದನ್ನು ಕೊಂದಿತು ಎಂದು ತೀರ್ಮಾನಿಸಿಬಿಡುವುದುಂಟು. ಹಳೆಯ ಕಾಲದ ಪಕ್ಷದವರ ಮುಖ್ಯ ವಾದವೂ ಇದೇ. ಕೇಳಲು ಹಿತವಾಗಿದೆ, ಆದರೆ ಪೂರ್ತಿ ಒಪ್ಪುವಂತಿಲ್ಲ. 1977ರಲ್ಲಿ ಬಂದ ಅಟಾರಿಯ ಮನೆಯ ಯಂತ್ರಕ್ಕೆ ಇದ್ದ ಚಾಲ್ತಿ ನೆನಪು 128 ಬೈಟು. ಇಂದು ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆದಿಡುವ ಸಾಮಾನ್ಯ ಪದ್ಧತಿಯಲ್ಲಿ ಒಂದು ಅಕ್ಷರಕ್ಕೆ ಮೂರು ಬೈಟು, ಒತ್ತಕ್ಷರವಾದರೆ ಒಂಬತ್ತು ಬೈಟು ಬೇಕು. ನಾನೀಗ ಆಡಿದ ವಾಕ್ಯ ಆ ಯಂತ್ರದ ನೆನಪಿನಲ್ಲಿ ಹಿಡಿಸುತ್ತಿರಲಿಲ್ಲ. ಬಡತನವೇ ತಾಯಿಯಾಗಿದ್ದರೆ ಅದರ ಎಲ್ಲ ಮಕ್ಕಳೂ ಪ್ರತಿಭಾವಂತರಾಗಬೇಕಿತ್ತು. ನಡೆದದ್ದೇನು? ಪಾಂಗ್ ಬಂದ ಕೆಲವೇ ವರ್ಷಗಳಲ್ಲಿ ಅದರ ಪ್ರತಿಗಳನ್ನು ಮಾಡಿ ಮಾರುವ ಹತ್ತಾರು ಕಂಪನಿಗಳು ತಲೆಯೆತ್ತಿದವು. 1982ರಲ್ಲಿ ಸ್ಪೀಲ್‌ಬರ್ಗರ ಚಲನಚಿತ್ರದ ಕೀರ್ತಿಯನ್ನು ನಂಬಿ ಅಟಾರಿ ‘ಇ.ಟಿ.’ ಎಂಬ ಆಟವನ್ನು ಸುಮಾರು ಐದು ವಾರಗಳಲ್ಲಿ ಮಾಡಿಸಿತು. ಅದನ್ನು ಕೊಂಡವರು ಬಯ್ದರು. ಇಂಥ ಸರಕಿನ ಪ್ರವಾಹದಿಂದಾಗಿ 1983ರಲ್ಲಿ ಅಮೆರಿಕದ ಆಟಗಳ ಮಾರುಕಟ್ಟೆಯೇ ಕುಸಿದುಬಿತ್ತು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿದರು. 2014ರಲ್ಲಿ ಅಗೆದು ನೋಡಿದಾಗ ಅವು ಅಲ್ಲಿಯೇ ಇದ್ದವು.

ಕಾಲವೆಂಬುದು ಒಂದು ಜರಡಿ. ಹಳೆಯ ಆಟಗಳು ಅದರಲ್ಲಿ ನಲವತ್ತು ವರ್ಷ ಆಡಿಸಿಕೊಂಡು, ಕಾಳು ಮಾತ್ರ ಉಳಿದಿದೆ. ಇಂದಿನ ಆಟಗಳನ್ನು ನಾವು ಕಣದಲ್ಲಿಯೇ ನಿಂತು, ಹೊಟ್ಟು ಧೂಳುಗಳ ಸಮೇತ ನೋಡುತ್ತಿದ್ದೇವೆ. ಅಂದಿನ ಶ್ರೇಷ್ಠವನ್ನು ಇಂದಿನ ಸಾಮಾನ್ಯದೊಡನೆ ಹೋಲಿಸುವವನು ಗೆದ್ದದ್ದು ವಾದವನ್ನಲ್ಲ.

ಆದರೂ ಹಳೆಯವರ ಪಕ್ಷದಲ್ಲಿ ಒಂದು ನಿಜವಿದೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಅವರ ಕಾಲದ ಆಟಗಳು ಧಾತುಗಳನ್ನು ಕಂಡುಹಿಡಿದವು. ಓಡು, ನೆಗೆ, ಹೊಡೆ, ತಪ್ಪಿಸಿಕೊ, ಜೋಡಿಸು, ತಳ್ಳು, ಹುಡುಕು: ಪರದೆಯ ಮೇಲೆ ಮನುಷ್ಯನು ಮಾಡಬಹುದಾದ ಮೂಲ ಕ್ರಿಯೆಗಳಲ್ಲಿ ಬಹುಪಾಲು 1985ರ ಹೊತ್ತಿಗೆ ದೊರೆತುಹೋಗಿದ್ದವು. ಅಗೆಯದ ನೆಲದಲ್ಲಿ ಹಾರೆ ಹಾಕಿದವನಿಗೆ ಮೊದಲ ಏಟಿಗೇ ನಿಧಿ ಸಿಕ್ಕುವ ಸಂಭವವುಂಟು. ಆ ಭಾಗ್ಯ ಇನ್ನು ಯಾರಿಗೂ ಇಲ್ಲ. ಆದರೆ ಭಾಷೆಯ ಸಂಪತ್ತು ಧಾತುಗಳ ಸಂಖ್ಯೆಯಲ್ಲಿ ಮುಗಿಯುವುದಿಲ್ಲವಷ್ಟೆ. ಧಾತುಗಳು ಮುಗಿದ ಮೇಲೆ ಪ್ರತ್ಯಯಗಳು, ಸಮಾಸಗಳು, ವಾಕ್ಯಗಳು, ಕಾವ್ಯ. ಇಂದಿನವರು ವಾಕ್ಯ ರಚಿಸುತ್ತಿದ್ದಾರೆಯೇ ಎಂದು ಕೇಳಬೇಕು; ಧಾತು ಕಂಡುಹಿಡಿದಿರಾ ಎಂದು ಕೇಳುವುದು ತಡವಾಗಿ ಹುಟ್ಟಿದ್ದಕ್ಕೆ ದಂಡ ಹಾಕಿದಂತೆ.

ರಚಿಸುತ್ತಿದ್ದಾರೆ, ಆದರೆ ಎಲ್ಲರೂ ಅಲ್ಲ. ಜಾಹೀರಾತುಗಳಲ್ಲಿ ಕಾಣುವ ದೊಡ್ಡ ಆಟಗಳು ಬಹುಮಟ್ಟಿಗೆ ದಂತದ ಕಾಯಿಗಳ ಕೆಲಸ. ಅದರ ಕಾರಣವನ್ನು ತಿಳಿಯಲು ಒಂದು ವಿನೋದದ ಪ್ರಸಂಗ ಸಹಾಯಕವಾಗಿದೆ. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಮೈಕ್ರೊಸಾಫ್ಟ್ ಕಂಪನಿಯ ವ್ಯವಹಾರವೊಂದರ ವಿಚಾರಣೆ ನಡೆಯುತ್ತಿದ್ದಾಗ ಸೋನಿ ಕಂಪನಿ ಕೆಲವು ಕಾಗದಗಳನ್ನು ಸಲ್ಲಿಸಬೇಕಾಯಿತು. ಗುಟ್ಟಿನ ಅಂಕಿಗಳ ಮೇಲೆ ಕಪ್ಪು ಶಾಯಿ ಬಳಿದಿದ್ದರು; ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಶಾಯಿಯ ಅಡಿಯ ಅಂಕಿಗಳು ಕಣ್ಣಿಗೆ ಕಂಡುಬಿಟ್ಟವು. 2020ರಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್’ ಎಂಬ ಆಟದ ಎರಡನೆಯ ಭಾಗಕ್ಕೆ ತಗುಲಿದ ವೆಚ್ಚ ಸುಮಾರು 22 ಕೋಟಿ ಡಾಲರೆಂದು ಜಗತ್ತಿಗೆ ತಿಳಿದುದು ಹೀಗೆ. ಆ ಆಟದ ಮುಖಭಾವಗಳನ್ನೂ ಮಳೆಯಲ್ಲಿ ನೆನೆದ ಎಲೆಗಳನ್ನೂ ನೋಡಿದವರು ಬೆರಗಾಗದೆ ಇರಲಾರರು. ಆದರೆ ಅಷ್ಟು ಹಣ ಹೂಡಿದವನು, ಜನರಿಗೆ ಹಿಡಿಸುವುದೋ ಇಲ್ಲವೋ ತಿಳಿಯದ ಹೊಸ ನಿಯಮವೊಂದನ್ನು ಪರೀಕ್ಷಿಸುವ ಧೈರ್ಯ ಮಾಡಲಾರ. ಪರೀಕ್ಷಿತವಾದ ಕ್ರಿಯೆಗಳನ್ನೇ ಮತ್ತಷ್ಟು ನಯಗೊಳಿಸುತ್ತಾನೆ. ಹೆಸರಿನ ಮುಂದೆ ಎರಡು, ಮೂರು, ನಾಲ್ಕು ಎಂದು ಅಂಕಿ ಸೇರಿಸುತ್ತಾನೆ. ಇದು ಪ್ರತಿಭೆಯ ಕೊರತೆಯಲ್ಲ, ಜಮಾಖರ್ಚಿನ ಒತ್ತಡ. ಹೊಸತನಕ್ಕೆ ಬೇಕಾದದ್ದು ಬಡತನವಲ್ಲ, ಸೋತರೂ ಮನೆ ಮುಳುಗದಷ್ಟು ಸಣ್ಣ ಪಣ ಎಂದು ನನಗೆ ತೋರುತ್ತದೆ. ಎಪ್ಪತ್ತರ ದಶಕದಲ್ಲಿ ಎಲ್ಲರ ಪಣವೂ ಸಣ್ಣದಾಗಿತ್ತು.

ದೊಡ್ಡವರಲ್ಲಿಯೂ ಅಪವಾದಗಳಿವೆ. ನಿಂಟೆಂಡೊ ಕಂಪನಿಯವರು 2017ರ ‘ಬ್ರೆತ್ ಆಫ್ ದಿ ವೈಲ್ಡ್’ ಆಟವನ್ನು ರೂಪಿಸುವ ಮೊದಲು, 1986ರ ತಮ್ಮ ‘ಜೆಲ್ಡಾ’ ಆಟದ ಮಾದರಿಯಲ್ಲಿ ಒಂದು ಚಪ್ಪಟೆಯಾದ ಪುಟ್ಟ ಪ್ರಯೋಗವನ್ನು ಕಟ್ಟಿ ನೋಡಿದರು. ಬೆಂಕಿ ಮರವನ್ನು ಸುಡುತ್ತದೆ, ಮರ ನೀರಿನಲ್ಲಿ ತೇಲುತ್ತದೆ, ಲೋಹ ಸಿಡಿಲನ್ನು ಕರೆಯುತ್ತದೆ ಎಂಬಂಥ ಸಾಮಾನ್ಯ ನಿಯಮಗಳನ್ನು ಆಟದೊಳಗಿಟ್ಟು, ಉಪಾಯವನ್ನು ಆಟಗಾರನಿಗೇ ಬಿಟ್ಟರು. ಹುಲ್ಲಿಗೆ ಬೆಂಕಿಯಿಟ್ಟು, ಏಳುವ ಬಿಸಿಗಾಳಿಯ ಮೇಲೆ ಬಟ್ಟೆಯ ರೆಕ್ಕೆ ಹರಡಿ ಬೆಟ್ಟವೇರಬಹುದು. ಅತಿ ಹೊಸದಾದ ಈ ಆಟದ ಬೇರು ಮೂವತ್ತು ವರ್ಷ ಹಳೆಯದರಲ್ಲಿತ್ತೆಂಬುದನ್ನು ಎರಡೂ ಪಕ್ಷದವರು ಗಮನಿಸಬೇಕು.

ಆದರೆ ನಿಜವಾದ ಹೊಸತನವನ್ನು ಹುಡುಕುವವರು ಇಂದು ದೊಡ್ಡ ಬೀದಿಯನ್ನು ಬಿಟ್ಟು ಓಣಿಗಳಿಗೆ ಹೋಗಬೇಕು. ಒಬ್ಬರೋ ಇಬ್ಬರೋ ಕುಳಿತು ಮಾಡಿದ ಆಟಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳುತ್ತೇನೆ.

2013ರಲ್ಲಿ ಲ್ಯೂಕಸ್ ಪೋಪ್ ಎಂಬುವರು ಪ್ರಕಟಿಸಿದ ‘ಪೇಪರ್ಸ್, ಪ್ಲೀಸ್’ ಆಟದಲ್ಲಿ ನೀವು ಶೂರರಲ್ಲ, ಕಾಲ್ಪನಿಕ ದೇಶವೊಂದರ ಗಡಿಠಾಣೆಯ ಗುಮಾಸ್ತರು. ಸರದಿಯಲ್ಲಿ ಬಂದವರ ಕಾಗದಪತ್ರಗಳನ್ನು ನೋಡಿ ಮೊಹರು ಒತ್ತುವುದಷ್ಟೇ ಕೆಲಸ. ಎಷ್ಟು ಜನರ ಕಾಗದ ನೋಡಿದಿರೋ ಅಷ್ಟು ಸಂಬಳ. ದಿನದ ಕೊನೆಗೆ ಬಾಡಿಗೆ, ಊಟ, ಚಳಿಗೆ ಕಾವು, ಮನೆಯಲ್ಲಿ ಯಾರಾದರೂ ಮಲಗಿದ್ದರೆ ಔಷಧ. ಹಣ ಎಲ್ಲಕ್ಕೂ ಸಾಲುವುದಿಲ್ಲ. ಒಂದು ದಿನ ಒಬ್ಬಾತ ಬರುತ್ತಾನೆ, ಅವನ ಕಾಗದಗಳು ಸರಿಯಾಗಿವೆ. ಹಿಂದೆಯೇ ನನ್ನ ಹೆಂಡತಿ ಬರುತ್ತಾಳೆ, ದಯವಿಟ್ಟು ಕನಿಕರ ತೋರಿಸಿ ಎಂದು ಹೇಳಿ ಹೋಗುತ್ತಾನೆ. ಹೆಂಡತಿಯ ಬಳಿ ಪ್ರವೇಶಪತ್ರವಿಲ್ಲ. ಅವಳನ್ನು ಒಳಗೆ ಬಿಟ್ಟರೆ ನಿಮ್ಮ ಹೆಸರಿಗೆ ತಪ್ಪಿನ ಚೀಟಿ ಬರುತ್ತದೆ. ಚೀಟಿಗಳು ಹೆಚ್ಚಿದರೆ ದಂಡ. ದಂಡವೆಂದರೆ ನಿಮ್ಮ ಮನೆಯಲ್ಲಿ ಆ ರಾತ್ರಿ ಒಲೆ ಉರಿಯದೆ ಹೋಗಬಹುದು. ಸರ್ಕಾರಿ ಕಚೇರಿಯ ಕಿಟಕಿಯ ಹೊರಗೆ ಒಮ್ಮೆಯಾದರೂ ನಿಂತವರು ನಾವೆಲ್ಲರೂ. ಕಿಟಕಿಯ ಒಳಗೆ ನಮ್ಮನ್ನು ಕೂರಿಸಿ, ನಮ್ಮ ಕೈಗೇ ಮೊಹರನ್ನು ಕೊಟ್ಟ ಕಲಾಕೃತಿ ನನಗೆ ತಿಳಿದಂತೆ ಇದೊಂದೇ. ಕಾದಂಬರಿಯೊಂದು ಆ ಗುಮಾಸ್ತನ ಬಗೆಗೆ ನಮ್ಮಲ್ಲಿ ಮರುಕ ಹುಟ್ಟಿಸಬಹುದು; ಇಲ್ಲಿ ಮೊಹರು ಒತ್ತಿದವರು ನಾವೇ. ಇದರ ಚಿತ್ರಗಳು ಎಂಬತ್ತರ ದಶಕದವುಗಳಷ್ಟೇ ಒರಟು. ಎಂಬತ್ತರ ದಶಕದ ಯಂತ್ರದಲ್ಲಿ ಇದನ್ನು ಮಾಡಬಹುದಿತ್ತೇ ಎಂದರೆ ಬಹುಶಃ ಮಾಡಬಹುದಿತ್ತು. ಆಟವೆಂದರೆ ಇದೂ ಆಗಬಹುದೆಂಬ ಯೋಚನೆ ಅಂದು ಅಷ್ಟು ಸುಲಭವಾಗಿರಲಿಲ್ಲ.

ಎರಡನೆಯದು ಫಿನ್ಲೆಂಡಿನ ಆರ್ವಿ ತೈಕರಿ 2019ರಲ್ಲಿ ಹೊರತಂದ ‘ಬಾಬಾ ಈಸ್ ಯೂ’. 1982ರಲ್ಲಿ ಜಪಾನಿನಲ್ಲಿ ಬಂದಿದ್ದ ‘ಸೋಕೋಬಾನ್’ ಎಂಬ ಆಟದಲ್ಲಿ ಉಗ್ರಾಣದ ಆಳು ಪೆಟ್ಟಿಗೆಗಳನ್ನು ತಳ್ಳುತ್ತಾನೆ. ಇಲ್ಲಿಯೂ ಧಾತು ಅದೇ, ತಳ್ಳುವುದು. ಆದರೆ ತಳ್ಳುವುದು ಪೆಟ್ಟಿಗೆಗಳನ್ನಲ್ಲ, ಶಬ್ದಗಳನ್ನು. ಗೋಡೆ ತಡೆಯುತ್ತದೆ ಎಂಬ ನಿಯಮ ಪರದೆಯ ಮೇಲೆಯೇ ಮೂರು ಇಂಗ್ಲಿಷ್ ಪದಗಳ ವಾಕ್ಯವಾಗಿ ಬಿದ್ದಿರುತ್ತದೆ. ಅದರ ಒಂದು ಪದವನ್ನು ಪಕ್ಕಕ್ಕೆ ತಳ್ಳಿದರೆ ವಾಕ್ಯ ಮುರಿಯುತ್ತದೆ, ಗೋಡೆ ಇದ್ದಲ್ಲಿಯೇ ಇದ್ದರೂ ತಡೆಯುವ ಗುಣವನ್ನು ಕಳೆದುಕೊಳ್ಳುತ್ತದೆ. ನೀವು ಬಾಬಾ ಎಂಬ ಪ್ರಾಣಿಯೆಂದು ಹೇಳುವ ವಾಕ್ಯವನ್ನು ಬದಲಿಸಿದರೆ ನೀವೇ ಬಂಡೆಯಾಗಬಹುದು, ಬಾವುಟವಾಗಬಹುದು. ಕರ್ತೃಪದವನ್ನು ಬದಲಿಸಿ ಲೋಕವನ್ನು ಬದಲಿಸುವ ಈ ಆಟವನ್ನು ಕೇಶಿರಾಜನಿಗೆ ತೋರಿಸಬೇಕಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಕನ್ನಡದಲ್ಲಿ ಇದನ್ನು ಹಾಗೆಯೇ ಮಾಡಲು ಬಾರದೆಂಬುದೂ ಸ್ವಾರಸ್ಯವೇ: ‘ಬಾಬಾ ನೀನು’ ಎಂದರೆ ನಮ್ಮ ವಾಕ್ಯ ಮುಗಿಯಿತು, ನಡುವೆ ಕೊಂಡಿಯಾಗಿ ನಿಲ್ಲುವ ಕ್ರಿಯಾಪದವೇ ಬೇಕಿಲ್ಲ. ನಮ್ಮ ತರುಣರು ಯಾರಾದರೂ ವಿಭಕ್ತಿ ಪ್ರತ್ಯಯಗಳನ್ನು ತಳ್ಳುವ ಆಟವೊಂದನ್ನು ಮಾಡಿದರೆ ಶಾಲೆಯ ವ್ಯಾಕರಣದ ಪಾಠಕ್ಕೆ ಇಷ್ಟು ಜನ ಆಕಳಿಸುವುದು ತಪ್ಪೀತು.

ಆದುದರಿಂದ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಹೊಸತನವುಳ್ಳ ಆಟಗಳು ಅಂದಿಗಿಂತ ಇಂದು ಹೆಚ್ಚಾಗಿಯೇ ಹುಟ್ಟುತ್ತಿವೆ. ಅವು ಹುಟ್ಟುವ ಮನೆ ಬದಲಾಗಿದೆ. ಅಂಗಡಿಯ ಮುಂಗಟ್ಟನ್ನು ಮಾತ್ರ ನೋಡುವವನಿಗೆ ಅವು ಕಾಣವು.

ದೊಡ್ಡ ಮನೆಗಳಲ್ಲಿ ಹೊಸತನ ಇಲ್ಲವೇ ಇಲ್ಲವೆಂದರೂ ತಪ್ಪಾದೀತು. ಅದು ಆಟದಿಂದ ಹೊರಟು ಹಣದ ಚೀಲವನ್ನು ಸೇರಿದೆ. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯೊಂದನ್ನು ನಿಜವಾದ ಹಣ ಕೊಟ್ಟು ಕೊಳ್ಳುವುದು, ಬೇಕಾದ ವಸ್ತು ಸಿಕ್ಕದಿದ್ದರೆ ಮತ್ತೊಂದನ್ನು ಕೊಳ್ಳುವುದು ಎಂಬ ಏರ್ಪಾಡು ಈಚಿನ ಅನೇಕ ಆಟಗಳಲ್ಲಿದೆ. ಇದು ಜೂಜೇ ಎಂದು 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಮಂಡಳಿ ತೀರ್ಮಾನಿಸಿ, ಅಲ್ಲಿ ಅದನ್ನು ಕಾನೂನುಬಾಹಿರವೆಂದು ಸಾರಿತು. ಹಳೆಯ ಯಂತ್ರಗಳೂ ನಾಣ್ಯ ನುಂಗುತ್ತಿರಲಿಲ್ಲವೇ ಎಂದು ಕೇಳಬಹುದು. ನುಂಗುತ್ತಿದ್ದವು, ಬೇಗ ಸೋಲಲಿ ಎಂದೇ ಅವನ್ನು ಕಠಿನವಾಗಿ ಮಾಡುತ್ತಿದ್ದುದೂ ಉಂಟು. ಆದರೆ ಅಲ್ಲಿ ಕೈ ಪಳಗಿದ ಹುಡುಗ ಒಂದೇ ನಾಣ್ಯದಲ್ಲಿ ಒಂದು ಗಂಟೆ ಆಡಬಲ್ಲವನಾಗಿದ್ದ, ಹಿಂದೆ ನಾಲ್ಕು ಜನ ನಿಂತು ನೋಡುತ್ತಿದ್ದರು. ಮುಚ್ಚಿದ ಪೆಟ್ಟಿಗೆಯ ಮುಂದೆ ಯಾವ ಕೈಚಳಕವೂ ನಡೆಯದು. ಮಕ್ಕಳ ಕೈಗೆ ಆಟ ಕೊಡುವ ಹಿರಿಯರು, ಚಿತ್ರ ಎಷ್ಟು ಚೆನ್ನಾಗಿದೆಯೆಂದು ಕೇಳುವ ಮೊದಲು ಇದನ್ನು ಕೇಳಿಕೊಳ್ಳಬೇಕು.

ಇನ್ನೊಂದು ಸಂಗತಿಯನ್ನು ಹೇಳದೆ ಈ ಮಾತು ಪೂರ್ಣವಾಗದು. ಹಳತು ಹೊಸತುಗಳನ್ನು ಹೋಲಿಸಬೇಕಾದರೆ ಎರಡೂ ಕೈಗೆ ಸಿಕ್ಕಬೇಕಷ್ಟೆ. ಅಮೆರಿಕದ ವಿಡಿಯೊ ಆಟಗಳ ಇತಿಹಾಸ ಪ್ರತಿಷ್ಠಾನದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಯಾವ ಅಂಗಡಿಯಲ್ಲಿಯೂ ಕ್ರಮಬದ್ಧವಾಗಿ ಕೊಳ್ಳಲು ಸಿಕ್ಕುವುದಿಲ್ಲ. ಜರಡಿಯ ಮಾತನ್ನು ಆಗಲೇ ಆಡಿದೆ. ಜರಡಿ ಬರಿಯ ಹೊಟ್ಟನ್ನು ಮಾತ್ರ ಹಾರಿಸಿತೋ ಕಾಳನ್ನೂ ಚೆಲ್ಲಿತೋ ಎಂದು ತಿರುಗಿ ನೋಡುವ ದಾರಿಯೇ ಹೀಗೆ ಮುಚ್ಚಿಹೋಗಿದೆ.

ಹೊಸ ಆಟಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಹಳೆಯ ಆಟ ಒಂದು ಪೆಟ್ಟಿಗೆಯಲ್ಲಿರುತ್ತಿತ್ತು. ಪೆಟ್ಟಿಗೆ ಅಟ್ಟದ ಮೇಲೆ ಬಿದ್ದಿದ್ದರೂ ಆಟ ಉಳಿಯುತ್ತಿತ್ತು. ಇಂದಿನ ಎಷ್ಟೋ ಆಟಗಳು ನಡೆಯಬೇಕಾದರೆ ದೂರದಲ್ಲೆಲ್ಲೋ ಕಂಪನಿಯ ಸರ್ವರ್ ಯಂತ್ರ ಉಸಿರಾಡುತ್ತಿರಬೇಕು. 2014ರಲ್ಲಿ ಯೂಬಿಸಾಫ್ಟ್ ಕಂಪನಿ ಹೊರತಂದ ‘ದಿ ಕ್ರೂ’ ಎಂಬ ಮೋಟಾರು ಓಟದ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದರು. ಹಣ ಕೊಟ್ಟು ಕೊಂಡಿದ್ದವರ ಕೈಯಲ್ಲಿ ತಟ್ಟೆ ಉಳಿಯಿತು, ಆಟ ಉಳಿಯಲಿಲ್ಲ. ಮಾರಿದ ಆಟವನ್ನು ಹೀಗೆ ಕೊಲ್ಲಬಾರದೆಂದು ಯೂರೋಪಿನ ಪ್ರಜೆಗಳು ಸಲ್ಲಿಸಿದ ಮನವಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಹಳತಾಗುವ ಅವಕಾಶವೇ ಇಲ್ಲದ ಹೊಸತು ಇದು. ನಲವತ್ತು ವರ್ಷದ ಅನಂತರ ಇದೇ ಚರ್ಚೆಗೆ ಕೂರುವವರ ಮುಂದೆ ಇಡಲು ಏನಿರುತ್ತದೆ?

ಹಿಗಿನ್‌ಬಾಥಮ್ಮರ ಟೆನಿಸ್ ಆಟವನ್ನು 1959ರ ಪ್ರದರ್ಶನದ ಅನಂತರ ಬಿಚ್ಚಿಹಾಕಿ, ಬಿಡಿಭಾಗಗಳನ್ನು ಬೇರೆ ಕೆಲಸಗಳಿಗೆ ಬಳಸಿಕೊಂಡರು. 1997ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ ಐವತ್ತನೆಯ ವರ್ಷದ ಸಮಾರಂಭಕ್ಕೆಂದು ಅದನ್ನು ಮರಳಿ ಕಟ್ಟಲು ಹೊರಟವರಿಗೆ ಅಷ್ಟು ಹಳೆಯ ಭಾಗಗಳನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು, ಕಟ್ಟಿದರು. ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿ ಸ್ವಯಂಸೇವಕರು ಪಿ.ಡಿ.ಪಿ.-1 ಯಂತ್ರವೊಂದನ್ನು ಬಹುಕಾಲ ಶ್ರಮಿಸಿ ದುರಸ್ತಿ ಮಾಡಿ, ಮತ್ತೆ ನಡೆಯುವಂತೆ ಮಾಡಿದ್ದಾರೆ. 1962ರ ಆ ಎರಡು ನೌಕೆಗಳು ಅದರ ದುಂಡು ಗಾಜಿನ ಮೇಲೆ ನಕ್ಷತ್ರವನ್ನು ಸುತ್ತುವುದನ್ನು ಅಲ್ಲಿಗೆ ಹೋದ ಮಕ್ಕಳು ನೋಡಿದ್ದಾರೆ, ಗುಂಡಿಗಳನ್ನು ಹಿಡಿದು ಆಡಿಯೂ ಇದ್ದಾರೆ.